ರಂಗಪ್ಪನ ಹೊಸ ಮೆಟ್ಟು

ಬಿಳಿಗಿರಿ ರಂಗಪ್ಪನ ಮೆಟ್ಟು ಸವೆಯುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಬೂದಿತಿಟ್ಟು ಎಂಬ ಊರಿನವರು 2 ವರ್ಷಕ್ಕೊಮ್ಮೆ 1 ಅಡಿ 9 ಇಂಚು ಉದ್ದದ ತೊಗಲಿನ ಜೋಡು ಹೊಲಿದು ದೇವರಿಗೆ ಒಪ್ಪಿಸುತ್ತಾರೆ. ರಂಗಪ್ಪ ಅದನ್ನು ಮೆಟ್ಟಿಕೊಂಡು ರಾತ್ರಿಯೆಲ್ಲ ಕಾಡು ಸುತ್ತುತ್ತಾನೆ. ಸುತ್ತಿ ಸುತ್ತಿ ಅಟ್ಟೆ ತೆಳುವಾಗುತ್ತದೆ. ಅದಕ್ಕೇ ಮತ್ತೆ ಹೊಸ ಜೋಡು ಬೇಕು. ಬೆಟ್ಟಕ್ಕೆ ಹೋದವರು ಆ ಮೆಟ್ಟನ್ನು ತಲೆಗೆ ಮುಟ್ಟಿಸಿಕೊಂಡು ಬರುತ್ತಾರೆ.

ದೇವರ ಕಾಲಿಗೂ ಮುಳ್ಳು ಚುಚ್ಚೀತು ಎಂದು ಯೋಚಿಸಿದ ಜನ ಇವರು. ಈ ನಂಬಿಕೆಯ ಒಳಗೇ ಒಂದು ನಗು ಇದೆ, ಆ ನಗುವಿನಲ್ಲಿ ತುಂಬಾ ಪ್ರೀತಿ ಇದೆ. ಅದನ್ನೇ ಹಿಡಿದು ಒಂದು ಹಾಸ್ಯದ ಕಥೆ ಬರೆದೆ. ಅದು ಹೇಗೆ ಆಯಿತು, ಯಾರು ಯಾರು ಏನು ಕೊಟ್ಟರು, ಎಲ್ಲಿ ಕಷ್ಟವಾಯಿತು ಅಂತ ಇಲ್ಲಿ ಹೇಳುತ್ತೇನೆ. ದೇವರನ್ನು ಇಟ್ಟುಕೊಂಡು ನಗಿಸುವ ಕಥೆ ಬರೆಯಬೇಕು ಎಂದು ಆಸೆ ಇರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಈಗ ಅವರಲ್ಲಿ ಹಲವರಿಗೆ ಹೆದರಿಕೆಯೂ ಇದೆ.

ನಮ್ಮ ಮನೆದೇವರು ಬಿಳಿಗಿರಿರಂಗ. ಕೊಳ್ಳೇಗಾಲದ ಹತ್ತಿರ ನಮ್ಮ ಊರು. ಮನೆಯಲ್ಲಿ ಹರಿಸೇವೆ ಮಾಡಿಸಬೇಕು ಎಂದು ಚಿಕ್ಕಪ್ಪ ತೀರ್ಮಾನ ಮಾಡಿದರು. ಹರಿಸೇವೆ ಎಂದರೆ ದಾಸಯ್ಯಗಳು ಬರುತ್ತಾರೆ, ಶಂಖ, ಜಾಗಟೆ, ನಾಮ, ಗೋವಿಂದನ ಕೂಗು, ನೂರಾರು ಜನರಿಗೆ ಊಟ. ಮಣೇವು ನೋಡಿದವರಿಗೆ ಗೊತ್ತಿರುತ್ತದೆ. ಬಾಳೆಹಣ್ಣು, ಬೆಲ್ಲ, ಕೊಬ್ಬರಿ ಇಟ್ಟು ಅದರ ಸುತ್ತ ದಾಸಯ್ಯಗಳು ಕುಣಿಯುತ್ತಾರೆ. ಕೈ ಮುಟ್ಟಿಸದೆ ಬಾಯಿಂದಲೇ ಕಚ್ಚಿ ತಿನ್ನುತ್ತಾರೆ. ಸುತ್ತ ನಿಂತ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ದೊಡ್ಡವರು ನಗುತ್ತಲೇ ಕೈ ಮುಗಿಯುತ್ತಾರೆ. ನಗುವುದಕ್ಕೂ ಕೈ ಮುಗಿಯುವುದಕ್ಕೂ ನಡುವೆ ಅಲ್ಲಿ ಗೋಡೆ ಇಲ್ಲ.

"ಊಟ ಆದ್ಮೇಲೆ ಒಂದು ಕಥೆ ಓದು ಮಗ, ರಂಗಪ್ಪಂದು" ಎಂದು ಅಜ್ಜಿ ಕೇಳಿದಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಮೊಮ್ಮಗಳಿಂದ ಅಜ್ಜಿಗೆ ಇಷ್ಟಾದರೂ ಬೇಕಲ್ವಾ? ಒಪ್ಪಿಕೊಂಡೆ.

ಬರೆಯಲು ಕೂರುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಂಡೆ. ದೇವರ ಕೈಗೆ ಮೊಬೈಲ್ ಕೊಟ್ಟು, ದೇವಲೋಕದಲ್ಲಿ ಟ್ರಾಫಿಕ್ ಜಾಮ್ ಮಾಡಿಸಿ ಬರೆಯುವ ಹಾಸ್ಯ ನನಗೆ ಹಿಡಿಸುವುದಿಲ್ಲ. ಅಲ್ಲಿ ಯಾವ ದೇವರಾದರೂ ನಡೆಯುತ್ತದೆ. ಹೆಸರು ಬದಲಾಯಿಸಿದರೆ ಕಥೆಗೆ ಏನೂ ಆಗುವುದಿಲ್ಲ. ಹಾಗಾದರೆ ಆ ದೇವರು ಅಲ್ಲಿ ಯಾಕೆ ಬೇಕು? ನನಗೆ ಬೇಕಾಗಿದ್ದು ಈ ರಂಗಪ್ಪನಿಗೆ ಮಾತ್ರ ಆಗಬಹುದಾದ ಪೇಚಾಟ. ಅವನಿಗೆ ಇಲ್ಲದ ಗುಣವನ್ನು ಅವನ ಮೇಲೆ ಹೊರಿಸಬಾರದು. ಜನ ಅವನಲ್ಲಿ ಏನನ್ನು ಪ್ರೀತಿಸುತ್ತಾರೋ ಅದರಿಂದಲೇ ನಗು ಹುಟ್ಟಬೇಕು. ಕಥೆ ಕೇಳಿ ಮುಗಿದಾಗ ದೇವರು ಮೊದಲಿಗಿಂತ ಹತ್ತಿರ ಬಂದು ಕೂತಿರಬೇಕು.

ಇದು ನಾನು ಕಂಡುಹಿಡಿದ ದಾರಿ ಅಲ್ಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚುತ್ತಾರೆ. ತೀರ್ಪು ಹೇಳಬೇಕಾದವನು ಸಾಕ್ಷಾತ್ ಶ್ರೀರಾಮ. ಅವನು ಎರಡೂ ಧಾನ್ಯಗಳನ್ನು 6 ತಿಂಗಳು ಸೆರೆಯಲ್ಲಿಡುತ್ತಾನೆ! ಅಕ್ಕಿ ಕಂಗೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಧಾನ್ಯವನ್ನು ಜೈಲಿಗೆ ಹಾಕಿದ ರಾಮನ ಮೇಲೆ ಯಾರಿಗಾದರೂ ಭಕ್ತಿ ಕಡಿಮೆ ಆಗಿದೆಯಾ? ರಾಗಿ ಉಣ್ಣುವವರಿಗಂತೂ ಜಾಸ್ತಿಯೇ ಆಗಿದೆ. ತಿರುಮಲೆಯಲ್ಲಿ ಅನಂತಾಳ್ವಾರರ ಕಥೆ ಇದೆ. ಕೆರೆ ತೋಡುವಾಗ ಹುಡುಗನ ವೇಷದಲ್ಲಿ ಬಂದು ಮಣ್ಣು ಹೊತ್ತ ತಿಮ್ಮಪ್ಪನಿಗೆ ಅವರು ಸಿಟ್ಟಿನಲ್ಲಿ ಹಾರೆ ಎಸೆಯುತ್ತಾರೆ, ಗದ್ದಕ್ಕೆ ಗಾಯವಾಗುತ್ತದೆ. ಆ ಗಾಯಕ್ಕೆಂದು ಇವತ್ತಿಗೂ ಸ್ವಾಮಿಯ ಗದ್ದಕ್ಕೆ ಪಚ್ಚಕರ್ಪೂರ ಹಚ್ಚುತ್ತಾರೆ. ಆ ಹಾರೆಯನ್ನು ಮಹಾದ್ವಾರದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ. ಭಕ್ತನಿಂದ ಪೆಟ್ಟು ತಿಂದದ್ದನ್ನು ಅಡಗಿಸಿಡುವ ದೇವರು ನಮ್ಮವನಲ್ಲ.

ಈ ಧೈರ್ಯ ಇಟ್ಟುಕೊಂಡು ಬೆಟ್ಟ ಹತ್ತಿದೆ. ಯಳಂದೂರು ದಾಟಿ ಮೇಲೆ ಹೋಗುತ್ತಾ ಹೋಗುತ್ತಾ ಗಾಳಿ ಬದಲಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ರಂಗನಾಥ ಆದಿಶೇಷನ ಮೇಲೆ ಮಲಗಿದ್ದಾನೆ. ಈ ಬೆಟ್ಟದಲ್ಲಿ ರಂಗ ನಿಂತಿದ್ದಾನೆ. ದರ್ಶನಕ್ಕೆ ನಿಂತಾಗ ನನಗೆ ಅನ್ನಿಸಿದ್ದು ಇಷ್ಟು. ಈ ದೇವರು ಹೊರಡಲು ತಯಾರಾಗಿದ್ದಾನೆ, ನಾವು ಹೋಗುವುದನ್ನೇ ಕಾಯುತ್ತಿದ್ದಾನೆ. ಕಥೆಯ ಮೊದಲ ಸಾಲು ಅಲ್ಲೇ ಸಿಕ್ಕಿತು.

ಎಲ್ಲಿಗೆ ಹೊರಡುತ್ತಾನೆ ಅನ್ನುವುದಕ್ಕೆ ನಾನು ಏನನ್ನೂ ಕಟ್ಟಬೇಕಾಗಿರಲಿಲ್ಲ. ರಂಗಪ್ಪ ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಇಷ್ಟಪಟ್ಟು ಮದುವೆಯಾದವನು. ಆದ್ದರಿಂದ ಸೋಲಿಗರಿಗೆ ಅವನು ಭಾವ. ಇಡೀ ಕುಲಕ್ಕೇ ಭಾವ. ಅವರ ಹಾಡಿನಲ್ಲಿ ಅವನನ್ನು ಕರೆಯುವುದೇ ರಂಗಭಾವ ಎಂದು. ನಮ್ಮ ಕಡೆ ಭಾವನ ಜೊತೆ ಹೇಗೆ ಮಾತಾಡುತ್ತಾರೆ ಅಂತ ಗೊತ್ತಲ್ವಾ? ಅಪ್ಪನ ಹತ್ತಿರ, ಗುರುಗಳ ಹತ್ತಿರ ಆಡದ ಮಾತು ಭಾವನ ಹತ್ತಿರ ನಡೆಯುತ್ತದೆ. ಅವನ ಎಲೆಯ ಕೆಳಗೆ ಕಲ್ಲು ಇಡಬಹುದು, ಮೆಟ್ಟು ಬಚ್ಚಿಡಬಹುದು. ಭಾವ ಸಿಟ್ಟಾಗುವ ಹಾಗಿಲ್ಲ. ದೇವರನ್ನು ಈ ಸಂಬಂಧದಲ್ಲಿ ಇಟ್ಟುಕೊಂಡ ಜನರಿಗೆ ಅವನನ್ನು ರೇಗಿಸಲು ಯಾರ ಅಪ್ಪಣೆಯೂ ಬೇಡ. ಮದುವೆಯ ದಿನವೇ ಅಪ್ಪಣೆ ಸಿಕ್ಕಿಬಿಟ್ಟಿದೆ.

ಕಥೆಯ ಎಳೆ ಹೀಗೆ ಬಂತು. ಹೊಸ ಮೆಟ್ಟು ಒಪ್ಪಿಸಿದ ಮೊದಲ ರಾತ್ರಿ. ಬಾಗಿಲು ಹಾಕಿಕೊಂಡು ಅರ್ಚಕರು ಹೋಗುತ್ತಾರೆ. ರಂಗಪ್ಪ ಮೆಟ್ಟು ಹಾಕಿಕೊಂಡು ಕುಸುಮಾಲೆಯ ಪೋಡಿಗೆ ಹೊರಡುತ್ತಾನೆ. ಪೋಡು ಎಂದರೆ ಸೋಲಿಗರ ಹಟ್ಟಿ. ಒಂದು ಹೆಜ್ಜೆ ಇಡುತ್ತಾನೆ. ಕಿರ್. ನಿಲ್ಲುತ್ತಾನೆ. ಇನ್ನೊಂದು ಹೆಜ್ಜೆ ಇಡುತ್ತಾನೆ. ಕುರ್.

ಆ ಭಾಗ ಕಥೆಯಲ್ಲಿ ಹೀಗಿದೆ:

ರಂಗಪ್ಪ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಡೆದ. ಸದ್ದು ಇನ್ನೂ ಜೋರಾಯಿತು. ದೊಡ್ಡ ಸಂಪಿಗೆ ಮರದ ಹತ್ತಿರ ಹೊಳೆಯಲ್ಲಿ ನೀರು ಕುಡಿಯುತ್ತಿದ್ದ ಆನೆ ಸೊಂಡಿಲೆತ್ತಿ ಕೇಳಿತು. ಮರಿಗೆ ಹೇಳಿತು, "ಪಕ್ಕಕ್ಕೆ ಬಾ ಮಗ, ರಂಗಪ್ಪ ಬತ್ತಾವ್ನೆ." ಕಾಡುಕೋಳಿ ಬೆಳಗಾಯಿತು ಎಂದುಕೊಂಡು ನಡುರಾತ್ರಿ ಕೂಗಿತು. ಕಡವೆ ಹಿಂಡು ಎದ್ದು ನಿಂತಿತು. ಪೊದೆಯೊಳಗಿದ್ದ ಹುಲಿಗೆ ಸಿಟ್ಟು ಬಂತು. "ಸ್ವಾಮಿ, ಒಂದು ಗಳಿಗೆಯಿಂದ ಹೊಂಚು ಹಾಕಿ ಕೂತಿವ್ನಿ. ನೀವು ಒಂದು ಹೆಜ್ಜೆ ಇಟ್ರಿ, ನನ್ನೂಟ ಓಡೋಯ್ತು." ರಂಗಪ್ಪ ಮೆಟ್ಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ನಾಲ್ಕು ಮಾರು ಹೋಗಿರಲಿಲ್ಲ, ಕಾಲಿಗೆ ಮುಳ್ಳು ಹೊಕ್ಕಿತು. ಮತ್ತೆ ಮೆಟ್ಟಿಕೊಂಡ. ಕಿರ್.

ಈ ಭಾಗ ಸರಾಗವಾಗಿ ಬಂತು. ಸದ್ದು ತಡೆಯಲಾರದೆ ರಂಗಪ್ಪ ಆಮೇಲೆ ಮೆಟ್ಟು ಹೊಲಿದವನ ಮನೆಗೇ ಹೋಗುತ್ತಾನೆ. ಮಾತು ಬಂದಾಗ ಕಷ್ಟ ಶುರುವಾಯಿತು. ರಂಗಪ್ಪ ಯಾವ ಕನ್ನಡ ಮಾತಾಡುತ್ತಾನೆ? ಪೌರಾಣಿಕ ನಾಟಕದ ಕನ್ನಡ ಹಾಕಿದರೆ ಅವನು ಗುಡಿಯೊಳಗೇ ಉಳಿದುಬಿಡುತ್ತಾನೆ. ಕಾಡಿನಲ್ಲಿ ನಡೆಯುವವನು, ಸೋಲಿಗರ ಅಳಿಯ, ಮೆಟ್ಟು ಹೊಲಿಯುವವರ ಬಾಗಿಲಿಗೆ ಹೋಗುವವನು ನಮ್ಮ ಚಾಮರಾಜನಗರದ ಸೀಮೆಯ ಮಾತನ್ನೇ ಆಡಬೇಕು. ಆದರೆ ನಮ್ಮ ಮಾತು ಎಂದರೆ ನಗಿಸುವುದಕ್ಕೆ ಎಂದು ಸಿನಿಮಾಗಳು ಅಭ್ಯಾಸ ಮಾಡಿಸಿಬಿಟ್ಟಿವೆ. ಹಳ್ಳಿ ಮಾತಿಗೇ ಜನ ನಕ್ಕರೆ ಅದು ನನಗೆ ಬೇಡವಾಗಿತ್ತು. ಆ ಮಾತಿನಲ್ಲಿ ದೇವರು ಗಂಭೀರವಾದ ವಿಷಯವನ್ನೂ ಹೇಳಬೇಕು, ಅದು ಎದೆಗೆ ತಟ್ಟಬೇಕು. ಹಾಗೆ ಬರುವ ತನಕ ಬರೆದೆ, ಗಟ್ಟಿಯಾಗಿ ಓದಿದೆ, ಮತ್ತೆ ಬರೆದೆ.

ಮೆಟ್ಟು ಹೊಲಿಯುವವನು ದೇವರನ್ನು ಏನೆಂದು ಕರೆಯುತ್ತಾನೆ ಎನ್ನುವುದರ ಬಗ್ಗೆ ಇನ್ನೂ ಜಾಸ್ತಿ ಯೋಚನೆ ಮಾಡಿದೆ. ನಮ್ಮ ಊರುಗಳಲ್ಲಿ ಆ ಕುಲದ ಹಿರಿಯರು ಮೇಲಿನವರ ಎದುರು ಎಷ್ಟು ಬಾಗಿ ನಿಲ್ಲಬೇಕಾಗಿತ್ತು ಎಂದು ನನಗೆ ಗೊತ್ತು. ಕಥೆಯಲ್ಲಿ ಆ ಬಾಗುವಿಕೆ ಒಂದು ಸಾಲಿನಲ್ಲೂ ಇರಬಾರದು. ಆದ್ದರಿಂದ ಅವನು ತನ್ನ ಜಗಲಿಯ ಮೇಲೆ ಕೂತೇ ಇರುತ್ತಾನೆ. ಕೆಲಸ ಹೇಳಲು ಬಂದವನು ರಂಗಪ್ಪ, ಅವನೇ ಕೆಳಗೆ ಕೂರುತ್ತಾನೆ. ದೇವರ ಪಾದದ ಅಳತೆ ಗೊತ್ತಿರುವ ಮನುಷ್ಯ ಅವನು. ವೇದ ಓದಿದವರಿಗೂ ಅದು ಗೊತ್ತಿಲ್ಲ. ಅವನ ಗತ್ತು ಅವನಿಗೆ ಇರಲೇಬೇಕು.

ಕಸುಬಿನ ವಿಷಯ ತಿಳಿಯಲು ಬಸ್ ಸ್ಟ್ಯಾಂಡಿನ ಪಕ್ಕ ಕೂರುವ ಹಿರಿಯರೊಬ್ಬರ ಹತ್ತಿರ ಹೋಗಿ ಕೂತೆ. ಅವರು ಕೈಯಲ್ಲಿ ಆರೆ ಹಿಡಿದು ಹೊಲಿಯುತ್ತಲೇ ಮಾತಾಡಿದರು. ಹೊಸ ತೊಗಲು ಯಾಕೆ ಕಚ್ಚುತ್ತದೆ, ಹರಳೆಣ್ಣೆ ಎಲ್ಲಿಗೆ ಹಚ್ಚಬೇಕು, ಉಂಗುಟ ಬಿಗಿಯಾದರೆ ಏನು ಮಾಡಬೇಕು, ಎಲ್ಲ ಹೇಳಿದರು. ಕಿರುಗುಟ್ಟುವ ಮೆಟ್ಟಿನ ಬಗ್ಗೆ ಕೇಳಿದೆ. ಅವರು ನಕ್ಕರು. "ಅದು ತಾನಾಗೂ ಬತ್ತದೆ, ನಾವು ತರಿಸ್ತೀವಿ ಅಂದ್ರೂ ಬತ್ತದೆ ಕಣವ್ವ." ಕೊಲ್ಹಾಪುರದ ಕಡೆ ಎರಡು ಅಟ್ಟೆಗಳ ನಡುವೆ ಬೀಜ ಇಟ್ಟು ಹೊಲಿಯುತ್ತಾರೆ. ನಡೆದರೆ ಕರಕರ ಸದ್ದು ಬರುತ್ತದೆ. ಗೌಡರು ಬಂದರು ಎಂದು ಊರಿಗೆ ಗೊತ್ತಾಗಲಿ ಎಂದು ಹಾಗೆ ಹೇಳಿ ಮಾಡಿಸಿಕೊಳ್ಳುವವರಿದ್ದರು.

ಬೀಜ! ಅದುವರೆಗೆ ನನ್ನ ಕಥೆಯಲ್ಲಿ ಸದ್ದು ಇತ್ತು, ಸದ್ದಿಗೆ ಕಾರಣ ಇರಲಿಲ್ಲ. ಯಾರೋ ಬೇಕೆಂದೇ ಬೀಜ ಇಡಿಸಿದ್ದಾರೆ ಎಂದಾದರೆ ಕಥೆಗೆ ಬೆನ್ನುಮೂಳೆ ಬಂತು. ಇಡಿಸಿದವರು ಯಾರು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ರಂಗಪ್ಪನ ಮೊದಲ ಹೆಂಡತಿ ರಂಗನಾಯಕಿ ಅಮ್ಮ.

ಇಲ್ಲಿ ನಾನು ತುಂಬಾ ಎಚ್ಚರಿಕೆಯಿಂದ ಹೆಜ್ಜೆ ಇಟ್ಟೆ. ಇಬ್ಬರು ಹೆಂಡಿರ ಗಂಡನ ಜೋಕುಗಳು ಸಾಕಷ್ಟಿವೆ. ಟೀವಿ ಹಚ್ಚಿದರೆ ಅದೇ. ಹೆಂಡತಿ ಎಂದರೆ ಲಟ್ಟಣಿಗೆ ಹಿಡಿದು ನಿಂತವಳು ಎಂಬ ಹಾಸ್ಯವನ್ನು ಅಮ್ಮನಿಗೆ ಅಂಟಿಸಲು ನನಗೆ ಮನಸ್ಸಿರಲಿಲ್ಲ. ಅದು ಅಗೌರವ ಅನ್ನುವುದು ಒಂದು ಮಾತು, ಹಳಸಲು ಅನ್ನುವುದು ಇನ್ನೊಂದು. ಹಾಗೆಂದು ಅಮ್ಮನಿಗೆ ಮುನಿಸೇ ಬರಬಾರದಾ? ಗುಡಿಯ ಅರ್ಚಕರೊಬ್ಬರ ಹತ್ತಿರ ಈ ಪ್ರಶ್ನೆ ಇಟ್ಟೆ. ಅವರು ತಮಿಳುನಾಡಿನ ಶ್ರೀರಂಗದ ಉತ್ಸವ ನೆನಪಿಸಿದರು. ಅಲ್ಲಿ ತಮಿಳರ ಪಂಗುನಿ ತಿಂಗಳಲ್ಲಿ ರಂಗನಾಥ ಉರೈಯೂರಿಗೆ ಹೋಗಿ ಅಲ್ಲಿನ ಕಮಲವಲ್ಲಿ ನಾಚ್ಚಿಯಾರ್ ಅವರನ್ನು ನೋಡಿ ಬರುತ್ತಾನೆ. ವಾಪಸ್ ಬಂದರೆ ರಂಗನಾಯಕಿ ಬಾಗಿಲು ಮುಚ್ಚಿಬಿಡುತ್ತಾಳೆ. ಸ್ವಾಮಿಯ ಪರವಾಗಿ ಒಬ್ಬರು, ಅಮ್ಮನ ಪರವಾಗಿ ಒಬ್ಬರು ನಿಂತು ವಾದ ಮಾಡುತ್ತಾರೆ. ಉಂಗುರ ಎಲ್ಲಿ ಹೋಯಿತು ಎಂದು ಅಮ್ಮ ಕೇಳುತ್ತಾಳೆ. ಹೂವು, ಹಣ್ಣು ಎಸೆಯುತ್ತಾರೆ. ಕೊನೆಗೆ ಆಳ್ವಾರ್ ಸಂತರಲ್ಲಿ ಒಬ್ಬರಾದ ನಮ್ಮಾಳ್ವಾರರು ಬಂದು ರಾಜಿ ಮಾಡಿಸಬೇಕು. ತಿರುಮಲೆಯಲ್ಲೂ ಪ್ರಣಯಕಲಹದ ಉತ್ಸವ ಇದೆ, ಅಲ್ಲಿ ಹೂವಿನ ಚೆಂಡಿನಲ್ಲಿ ಹೊಡೆಯುತ್ತಾರೆ. "ಇದೆಲ್ಲ ಸೇವೆಯಮ್ಮ. ನಾವೇ ಮಂತ್ರ ಹೇಳಿ ಮಾಡಿಸೋ ಜಗಳ" ಎಂದರು ಅರ್ಚಕರು. "ನೀವು ಬರೀರಿ. ಆದರೆ ಅಮ್ಮನೇ ಗೆಲ್ಲಬೇಕು."

ಅಮ್ಮ ಗೆಲ್ಲುವುದು ಹೇಗೆ? ಬೀಜ ಇಡಿಸಿದ್ದು ಯಾಕೆ? ಅನುಮಾನಕ್ಕೆ ಎಂದರೆ ಅಮ್ಮ ಚಿಕ್ಕವಳಾಗುತ್ತಾಳೆ. ತಮಾಷೆಗೆ ಎಂದರೆ ಕಥೆ ಹಗುರಾಗುತ್ತದೆ. ಇಲ್ಲಿ ಕಥೆ ಬಹಳ ದಿನ ನಿಂತುಹೋಯಿತು.

ಅಷ್ಟರಲ್ಲಿ ಒಂದು ಪೋಡಿಗೆ ಹೋಗಿ ಬಂದೆ. ಸೋಲಿಗರ ಹಿರಿಯರೊಬ್ಬರಿಗೆ ಬರೆದಷ್ಟನ್ನು ಓದಿ ಹೇಳಿದೆ. ಸುತ್ತ ಹೆಂಗಸರು, ಮಕ್ಕಳು ಬಂದು ಕೂತರು. ಹುಲಿಯ ಮಾತಿಗೆ ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ. ಪೂರ್ತಿ ಕೇಳಿ ಹೇಳಿದರು, "ಭಾವ ಸದ್ದಿಗೆ ಹೆದರ್ತಾನೆ ಅಂತ ಬರ್ದಿದ್ದೀಯಲ್ಲ, ಹೆದರಲ್ಲ ಅವ್ನು. ನಾಚ್ಕತಾನೆ." ಮಾವನ ಮನೆಗೆ ಬರುವ ಅಳಿಯ ಹೇಗೆ ಬರುತ್ತಾನೆ ಎಂದು ಎದ್ದು ನಿಂತು ನಡೆದೇ ತೋರಿಸಿದರು. ತಲೆ ಒಂದು ಕಡೆ, ಕಣ್ಣು ಒಂದು ಕಡೆ. ಆಗ ಅವರೂ ನಕ್ಕರು. ಅಲ್ಲಿದ್ದ ಹೆಂಗಸೊಬ್ಬರು ಇನ್ನೊಂದು ಮಾತು ಸೇರಿಸಿದರು. ಮೆಟ್ಟು ಕಿರುಗುಟ್ಟಿದರೆ ಪೋಡಿನ ಮಕ್ಕಳೆಲ್ಲ ಎದ್ದು ಬಂದು ಭಾವ ಏನು ತಂದ ಅಂತ ಜೇಬು ತಡಕುತ್ತಾರೆ, ಕುಸುಮಾಲೆ ಹತ್ತಿರ ಮಾತಾಡಲು ಬಿಡುವುದೇ ಇಲ್ಲ. ಇದು ಹಾಗೇ ಕಥೆಗೆ ಬಂತು. ದೇವರಿಗೆ ಜೇಬು ಎಲ್ಲಿ ಎಂದು ನಾನು ಕೇಳಲಿಲ್ಲ. ಅವರ ಭಾವನಿಗೆ ಇದೆ ಎಂದರೆ ಇದೆ.

ಹೆದರಿಕೆ ತೆಗೆದು ನಾಚಿಕೆ ಇಟ್ಟದ್ದರಿಂದ ಇಡೀ ಕಥೆಯ ಬಣ್ಣ ಬದಲಾಯಿತು. ಹೆದರುವ ದೇವರನ್ನು ನೋಡಿ ನಗುವಾಗ ನಾವು ಅವನಿಗಿಂತ ಮೇಲೆ ನಿಂತಿರುತ್ತೇವೆ. ನಾಚುವ ದೇವರನ್ನು ನೋಡಿದರೆ ಹತ್ತಿರ ಹೋಗಿ ಬೆನ್ನು ತಟ್ಟಬೇಕು ಅನ್ನಿಸುತ್ತದೆ. ಆ ಹಿರಿಯರು ಕೊಟ್ಟದ್ದು ಸಣ್ಣ ಸಲಹೆ ಅಲ್ಲ.

ಅಮ್ಮನ ಉತ್ತರ ಸಿಕ್ಕಿದ್ದು ನಮ್ಮ ಅಜ್ಜಿಯಿಂದ. ತಾತ ಬದುಕಿದ್ದಾಗ ಕಾಡಂಚಿನ ಹೊಲದಲ್ಲಿ ರಾಗಿ ಕಾಯಲು ಹೋಗುತ್ತಿದ್ದರು. ಆನೆ ಬರುತ್ತದೆ, ಹಂದಿ ಬರುತ್ತದೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಬೆಳಗಿನ ಜಾವಕ್ಕೆ ಮನೆಗೆ ಬರುತ್ತಿದ್ದರು. ಬೀಜದ ವಿಷಯ ಹೇಳಿ, ಅಮ್ಮ ಯಾಕೆ ಹಾಗೆ ಮಾಡಿಸಿರಬಹುದು ಅಜ್ಜಿ ಎಂದು ಕೇಳಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಯೋಚನೆಯನ್ನೇ ಮಾಡಲಿಲ್ಲ. "ಇನ್ಯಾಕೆ? ಬಂದ ಅಂತ ಗೊತ್ತಾಗಕ್ಕೆ. ನಿಮ್ ತಾತ ಓಣಿ ತಿರುಗ್ತಿದ್ದಂಗೆ ಮೆಟ್ಟಿನ ಸದ್ದು ಕೇಳೋದು. ಅದು ಕೇಳಿದ್ಮೇಲೇ ನಂಗೆ ನಿದ್ದೆ ಬರೋದು ಮಗ."

ಅಂದು ರಾತ್ರಿಯೇ ಕೊನೆಯ ಭಾಗ ಬರೆದೆ. ಕಥೆಯಲ್ಲಿ ಅದು ಹೀಗಿದೆ:

"ಕಿರುಗುಟ್ತದೆ ಕಣಯ್ಯ" ಎಂದು ರಂಗಪ್ಪ ಮೆಟ್ಟು ಮುಂದೆ ಇಟ್ಟ.

"ಹೊಸದಲ್ವಾ ಸ್ವಾಮಿ. ನಾಕು ದಿನ ನಡೀರಿ, ತೊಗಲು ಮೆತ್ತಗಾಯ್ತದೆ."

"ನಾಕು ದಿನ ಹೆಂಗೆ ನಡೀಲಿ? ಹುಲಿ ಉಪವಾಸ ಕೂತದೆ. ಪೋಡಿನ ಐಕಳು ನಿದ್ದೆ ಮಾಡ್ತಾ ಇಲ್ಲ. ಅಮ್ಮಾವ್ರು ನಾನು ಹೊಸಲು ದಾಟೋ ಮೊದ್ಲೇ ದೀಪ ಹಚ್ತಾರೆ."

"ಅಮ್ಮಾವ್ರಿಗೆ ಹೇಳೇ ಹೋಗಬೋದಲ್ಲ?"

ರಂಗಪ್ಪ ನೆಲ ನೋಡಿದ. ಮೂರು ಹೆಜ್ಜೆಯಲ್ಲಿ ಮೂರು ಲೋಕ ಅಳೆದವನು ಕಾಲ್ಬೆರಳಲ್ಲಿ ಮಣ್ಣು ಕೆರೆಯುತ್ತಾ ಕೂತ.

ಹೊಲಿಯುವವನು ತೊಗಲು ಕೊಯ್ಯುವ ರಂಪಿಗೆ ತೆಗೆದ. ಅಟ್ಟೆಯ ಹೊಲಿಗೆ ಬಿಚ್ಚಿದ. ಒಳಗಿಂದ ನಾಲ್ಕು ಬೀಜ ಉದುರಿದವು.

"ಇದ್ಯಾರು ಇಟ್ಟೋರು?"

"ಅಮ್ಮಾವ್ರೇ ತಂದ್ಕೊಟ್ರು ಸ್ವಾಮಿ. ಸೆರಗಲ್ಲಿ ಕಟ್ಕೊಂಡು ಬಂದಿದ್ರು."

"ನಾನು ಎಲ್ಲಿಗೆ ಹೋಯ್ತೀನಿ ಅಂತ ತಿಳ್ಕೊಳಕ್ಕಾ?"

"ಅದು ಅವ್ರಿಗೆ ಗೊತ್ತು. ನನ್ನ ತಂಗಿ ಮನೇಗೆ ತಾನೆ, ಹೋಗ್ಲಿ ಅಂದ್ರು. ಕಾಡಲ್ಲಿ ಕತ್ತಲು, ಆನೆ, ಹಳ್ಳ, ಕೊಳ್ಳ. ವಾಪಸ್ ಬಂದದ್ದು ನಂಗೆ ಕೇಳಬೇಕು ಅಂದ್ರು. ಕೇಳೋ ತನಕ ನಿದ್ದೆ ಬರಲ್ಲ ಅಂದ್ರು."

ರಂಗಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀಜಗಳನ್ನು ಒಂದೊಂದಾಗಿ ಆರಿಸಿ ಅವನ ಕೈಗೆ ಹಾಕಿದ.

"ಹೊಲಿ" ಎಂದ. "ಇನ್ನೆರಡು ಜಾಸ್ತಿ ಇಡು."

ಬರೆದು ಮುಗಿಸಿದ ಮೇಲೆ ಇದನ್ನು ಒಂದು ಪತ್ರಿಕೆಗೆ ಕಳಿಸಿದೆ. ಪತ್ರಿಕೆಯವರು ಫೋನ್ ಮಾಡಿ ತುಂಬಾ ಹೊಗಳಿದರು. ಆಮೇಲೆ ರಂಗಪ್ಪನ ಹೆಸರು ತೆಗೆದು ಊರಗೌಡ ಎಂದು ಮಾಡಿಕೊಡಿ ಎಂದರು. ಈಗಿನ ಕಾಲ ಸರಿ ಇಲ್ಲ, ಯಾರಾದರೂ ಗಲಾಟೆ ಮಾಡಿದರೆ ನಮಗೆ ಕಷ್ಟ ಎಂದರು. ಅವರ ಹೆದರಿಕೆ ಸುಳ್ಳಲ್ಲ, ಅದನ್ನು ನಾನು ಬಲ್ಲೆ. ಆದರೆ ಒಪ್ಪಲಿಲ್ಲ. ಊರಗೌಡ ರಾತ್ರಿ ಮೆಟ್ಟು ಹಾಕಿಕೊಂಡು ಹೊರಟರೆ ಅದು ಬೇರೆಯೇ ಕಥೆ. ಅದರಲ್ಲಿ ಭಕ್ತಿ ಎಲ್ಲಿ? 1 ಅಡಿ 9 ಇಂಚಿನ ಮೆಟ್ಟು ಯಾರ ಕಾಲಿಗೆ? ಹೆಸರು ತೆಗೆಯುವುದೇ ಗೌರವ ಎಂದುಕೊಂಡರೆ ಸೋಲಿಗರು ಇಷ್ಟು ತಲೆಮಾರು ಹಾಡಿದ್ದನ್ನೆಲ್ಲ ಏನು ಮಾಡುವುದು? ದೇವರನ್ನು ದೂರ ಇಟ್ಟು ಕಾಪಾಡಬೇಕು ಎನ್ನುವವರಿಗಿಂತ ಅವನ ಕಾಲಿನ ಅಳತೆ ತೆಗೆದವರಿಗೆ ಅವನು ಜಾಸ್ತಿ ಗೊತ್ತು ಎಂದು ನಾನು ನಂಬುತ್ತೇನೆ.

ಹರಿಸೇವೆ ಚೆನ್ನಾಗಿ ಆಯಿತು. ಅಂಗಳದಲ್ಲಿ ಚಪ್ಪರ, ಮುದ್ದೆ ಊಟ, ಪಾಯಸ. ಊಟವಾದ ಮೇಲೆ ಜಮಖಾನ ಹಾಸಿದರು. ಎದುರಿಗೆ ದಾಸಯ್ಯಗಳು, ಹಿಂದೆ ನೆಂಟರು, ಮಕ್ಕಳು ಅಲ್ಲಲ್ಲಿ. ಬಸ್ ಸ್ಟ್ಯಾಂಡಿನ ಹಿರಿಯರನ್ನು ನಾನೇ ಕರೆದಿದ್ದೆ. ಅವರು ಬಂದರು, ಮೊದಲ ಸಾಲಿನಲ್ಲಿ ಕೂತರು. ಚಿಕ್ಕಪ್ಪ ಅವರಿಗೆ ಎಲೆ ಅಡಿಕೆ ತಟ್ಟೆ ತಂದು ಕೊಟ್ಟರು.

ಮೊದಲ ಕಿರ್ ಓದಿದಾಗ ಮಕ್ಕಳು ನಕ್ಕರು. ಎರಡನೆಯದಕ್ಕೆ ಒಬ್ಬ ದಾಸಯ್ಯ ಜಾಗಟೆಯ ಅಂಚಿಗೆ ಕೋಲು ತೀಡಿ ಸದ್ದು ಮಾಡಿದರು. ಅಲ್ಲಿಂದ ಆಚೆಗೆ ನಾನು ಹೆಜ್ಜೆ ಎಂದು ಓದಿದಾಗಲೆಲ್ಲ ಅವರು ತೀಡಿದರು. ಎಡಗಾಲಿಗೆ ಒಂದು ಸದ್ದು, ಬಲಗಾಲಿಗೆ ಒಂದು. ಹುಲಿಯ ಮಾತು ಬಂದಾಗ ಓದುವುದನ್ನು ನಿಲ್ಲಿಸಿ ಕಾಯಬೇಕಾಯಿತು, ಅಷ್ಟು ನಗು. ಬೀಜ ಉದುರಿದಾಗ ಯಾರೋ ಅಮ್ಮಾವ್ರೇ ಎಂದು ಕೂಗಿಬಿಟ್ಟರು. ಅಮ್ಮನ ಮಾತು ಓದುವಾಗ ಅಜ್ಜಿಯ ಕಡೆ ನೋಡಿದೆ. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಪಕ್ಕದವರಿಗೆ ಹೇಳುತ್ತಿದ್ದಳು, "ಇದು ನಂದೇ ಮಾತು."

ಕಥೆ ಮುಗಿದ ಮೇಲೆ ದಾಸಯ್ಯ ಶಂಖ ಊದಿದರು. ಎಲ್ಲರೂ ಗೋವಿಂದ ಎಂದರು. ಆಮೇಲೆ ವಾದ ಶುರುವಾಯಿತು. ಬೀಜ ಯಾವ ಮರದ್ದು ಎಂದು ಒಬ್ಬರು ಕೇಳಿದರು. ಸಂಪಿಗೆಯದೇ ಇರಬೇಕು ಎಂದು ಇನ್ನೊಬ್ಬರು. ಸಂಪಿಗೆ ಬೀಜ ಅಷ್ಟು ಗಟ್ಟಿ ಇರುವುದಿಲ್ಲ ಎಂದು ಬಸ್ ಸ್ಟ್ಯಾಂಡಿನ ಹಿರಿಯರು ತೀರ್ಪು ಕೊಟ್ಟರು. ಆ ಮಾತಿಗೆ ಯಾರೂ ಎದುರಾಡಲಿಲ್ಲ. ರಂಗಪ್ಪ ಇನ್ನೆರಡು ಜಾಸ್ತಿ ಇಡು ಎಂದದ್ದು ಅಮ್ಮನಿಗಾಗಿ ಒಂದು, ಕುಸುಮಾಲೆಗಾಗಿ ಒಂದು ಎಂದು ನಮ್ಮ ಅತ್ತೆ ಲೆಕ್ಕ ಹೇಳಿದರು. ಬರೆಯುವಾಗ ನನಗೆ ಅದು ಹೊಳೆದಿರಲಿಲ್ಲ. ಈಗ ಆ ಸಾಲು ಓದಿದಾಗಲೆಲ್ಲ ಅತ್ತೆಯ ಲೆಕ್ಕವೇ ಸರಿ ಅನ್ನಿಸುತ್ತದೆ.

ಈಗ ಮಹದೇಶ್ವರ ಬೆಟ್ಟದ ಕಡೆಯವರು ಹಿಡಿದುಕೊಂಡಿದ್ದಾರೆ. ರಂಗಪ್ಪನಿಗೆ ಬರೆದೆ, ನಮ್ಮ ಮಾದಪ್ಪನಿಗೆ ಯಾಕಿಲ್ಲ ಎಂದು ಕೇಳುತ್ತಿದ್ದಾರೆ. ಮಾದಪ್ಪ ಹುಲಿ ಏರುವ ದೇವರು. ಮಾದಪ್ಪನ ಹಾಡು ಹೇಳುವ ಕಂಸಾಳೆಯವರ ಹತ್ತಿರ ಕೂತು ಹಾಡು ಕೇಳುವುದನ್ನು ಶುರು ಮಾಡಿದ್ದೇನೆ. ಅವರಲ್ಲೊಬ್ಬರು ಮೊದಲ ದಿನವೇ ಒಂದು ಪ್ರಶ್ನೆ ಹಾಕಿದ್ದಾರೆ. ಅಮಾವಾಸ್ಯೆ ಜಾತ್ರೆಗೆ ಬೆಟ್ಟಕ್ಕೆ ಬಂದವರಿಗೆಲ್ಲ ದಾಸೋಹದ ಊಟ ಇದೆ. ಅಷ್ಟು ಜನರ ನಡುವೆ ನಿಂತ ಹುಲಿ ಆವತ್ತು ಏನು ಉಣ್ಣಬೇಕು?